ವೇಣಿಯನ್ನು ಯಾರ ಕೈಗೆ ಕೊಟ್ಟೆವು

ನಮ್ಮ ಬೀದಿಯ ಕೊನೆಯ ಮನೆಯ ಹುಡುಗಿ ಪೊಲೀಸ್ ಕೆಲಸಕ್ಕೆ ಆಯ್ಕೆಯಾದಳು. ಆದೇಶ ಕೈಗೆ ಬಂದ ದಿನ ಅವಳಮ್ಮ ಅವಳನ್ನು ಕರೆದುಕೊಂಡು ನನ್ನ ಮನೆಗೆ ಬಂದಳು. "ರತ್ನಕ್ಕ, ಓಡೋದು, ಎಗರೋದು ಎಲ್ಲ ಕಲ್ತವ್ಳೆ. ಮಿಕ್ಕಿದ್ದೇನೂ ಗೊತ್ತಿಲ್ಲ. ನೀನೇ ನಾಕು ಮಾತು ಹೇಳು" ಎಂದಳು. ನಾನು ಕಾಫಿ ಕೊಟ್ಟೆ. ಬೂಟಿಗೆ ದಪ್ಪ ಕಾಲುಚೀಲ ಕೊಂಡುಕೋ, ಬಂದೋಬಸ್ತಿಗೆ ಹೋಗುವಾಗ ನೀರಿನ ಬಾಟಲಿ ಮರೆಯಬೇಡ, ಕಾಲು ಊದಿದರೆ ಬಿಸಿನೀರಿಗೆ ಕಲ್ಲುಪ್ಪು ಹಾಕಿ ಇಟ್ಟುಕೋ ಎಂದೆ. ಹುಡುಗಿ ಎಲ್ಲಕ್ಕೂ ತಲೆಯಾಡಿಸಿದಳು. ಅವರು ಎದ್ದು ಹೋದ ಮೇಲೆ, ಹೇಳಬೇಕಾದದ್ದನ್ನು ಹೇಳಲಿಲ್ಲ ಎಂದು ಮನಸ್ಸಿಗೆ ಕಸಿವಿಸಿಯಾಯಿತು. ಬಾಯಲ್ಲಿ ಹೇಳಲು ಹೋದರೆ ಮಾತು ಎಲ್ಲೆಲ್ಲೋ ಹೋಗುತ್ತದೆ. ಅದಕ್ಕೆ ಬರೆಯಲು ಕೂತಿದ್ದೇನೆ.

ನಾನು ಐದನೆಯ ತರಗತಿಯವರೆಗೆ ಓದಿದ್ದು ನಮ್ಮೂರಿನ ಕನ್ನಡ ಶಾಲೆಯಲ್ಲಿ. ಊರು ಗಡಿಯಾಚೆ ತಮಿಳುನಾಡಿನಲ್ಲಿ, ಕೆಲಮಂಗಲಕ್ಕೆ ಹತ್ತಿರ. ಆಮೇಲಿನದೆಲ್ಲ ತಮಿಳು. ಪೊಲೀಸ್ ಕೆಲಸ ಮಾಡಿದ್ದೂ ತಮಿಳಿನಲ್ಲೇ. ಬರವಣಿಗೆಯಲ್ಲಿ ತಪ್ಪು ಕಂಡರೆ ಓದುವವರು ತಿದ್ದಿಕೊಳ್ಳಬೇಕು.

ಇದರಲ್ಲಿ ಒಂದು ಮಗು ಬರುತ್ತದೆ. ಹೆಸರು ವೇಣಿ ಎಂದಿಟ್ಟಿದ್ದೇನೆ. ನಿಜವಾದ ಹೆಸರು ಬರೆಯುವಂತಿಲ್ಲ. ಮಗು ತೀರಿಕೊಂಡಿದ್ದರೂ ಬರೆಯುವಂತಿಲ್ಲ. ಹೌದು, ವೇಣಿ ಈಗ ಇಲ್ಲ. ಉಳಿದಳೋ ಇಲ್ಲವೋ ಎಂದು ಕೊನೆಯವರೆಗೂ ಯಾರನ್ನೂ ಕಾಯಿಸುವ ಮನಸ್ಸು ನನಗಿಲ್ಲ. ಹೇಗೆ ಹೋದಳು ಎಂಬುದನ್ನು ಮಾತ್ರ ಹೇಳಬೇಕು. ಎಲ್ಲರೂ ತಮ್ಮ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು, ಆದರೂ ಹೋದಳು. ಇವತ್ತಿಗೂ ನನಗೆ ಇದು ನಂಬಲಾಗದ ಮಾತು.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಮಗುವನ್ನು ಮನೆಯವರು ಹೊಡೆಯುವುದು ಕೇಸೇ ಆಗಿರಲಿಲ್ಲ. ನಮ್ಮ ಠಾಣೆಯಲ್ಲಿ ಷಣ್ಮುಗಂ ಎಂಬ ಹೆಡ್ ಕಾನ್‌ಸ್ಟೇಬಲ್ ಇದ್ದರು. ದೊಡ್ಡ ಮೀಸೆ, ಮೃದು ಮಾತು. ಯಾರಾದರೂ ಬಾಸುಂಡೆ ಬಂದ ಮಗುವನ್ನು ಎತ್ತಿಕೊಂಡು ಬಂದರೆ ಅವರು ಎದುರಿನ ಅಂಗಡಿಯಿಂದ ಬನ್ನು, ಹಾಲು ತರಿಸುತ್ತಿದ್ದರು. ಮಗು ತಿನ್ನುವವರೆಗೂ ಪಕ್ಕದಲ್ಲೇ ಕೂತಿರುತ್ತಿದ್ದರು. ಆಮೇಲೆ ಅಪ್ಪನನ್ನು ಕರೆಸಿ ಎರಡು ಬೈದು, ಅವನ ಕೈಗೇ ಮಗುವನ್ನು ಕೊಟ್ಟು ಕಳಿಸುತ್ತಿದ್ದರು. "ಅಪ್ಪನ್ ಅಡಿಕ್ಕಾಮ ವೇರ ಯಾರ್ ಅಡಿಪ್ಪಾ?" ಎನ್ನುತ್ತಿದ್ದರು. ಅಪ್ಪ ಹೊಡೆಯದೆ ಇನ್ಯಾರು ಹೊಡೆಯುತ್ತಾರೆ ಎಂದು. ಅವರಷ್ಟು ಕರುಣೆಯ ಮನುಷ್ಯ ಇಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವು. ಕರುಣೆ ಇತ್ತು, ಸುಳ್ಳಲ್ಲ. ಬನ್ನು ತಿಂದು ಅಪ್ಪನ ಬೆರಳು ಹಿಡಿದು ಹೊರಟ ಆ ಮಕ್ಕಳು ಮನೆ ಸೇರಿದ ಮೇಲೆ ಏನಾಯಿತು ಎಂದು ನಮ್ಮಲ್ಲಿ ಒಬ್ಬರಾದರೂ ಒಂದು ದಿನವಾದರೂ ಕೇಳಲಿಲ್ಲ. 

ಆಮೇಲೆ ಕಾನೂನು ಬದಲಾಯಿತು. ತರಬೇತಿ ಕೊಟ್ಟರು. ಮಗುವಿನ ಹೇಳಿಕೆಯನ್ನು ಠಾಣೆಯಲ್ಲಿ ತೆಗೆದುಕೊಳ್ಳಬಾರದು, ಸಮವಸ್ತ್ರದಲ್ಲಿ ಹೋಗಬಾರದು, ಹೆಂಗಸರೇ ಹೋಗಬೇಕು ಎಂದರು. ಒಳ್ಳೆಯ ನಿಯಮಗಳು. ಆದರೆ ಬೆಳಗ್ಗೆ ಬಂದೋಬಸ್ತು, ಮಧ್ಯಾಹ್ನ ಕೋರ್ಟು, ಅದರ ನಡುವೆ ಫೋನ್ ಬಂದರೆ ಬಟ್ಟೆ ಬದಲಾಯಿಸಲು ಮನೆಗೆ ಹೋಗುವುದು ಹೇಗೆ? ಹೀಗಾಗಿ ಹೊಸೂರಿನ ನಮ್ಮ ಮಹಿಳಾ ಠಾಣೆಯಲ್ಲಿ ಒಂದು ಸೀರೆ ಇಟ್ಟುಕೊಂಡೆವು. ಗಿಳಿಹಸಿರು ಬಣ್ಣದ ಸಿಂಥೆಟಿಕ್ ಸೀರೆ. ವಿಶ್ರಾಂತಿ ಕೋಣೆಯ ಬಾಗಿಲ ಹಿಂದಿನ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರಿಗೆ ಕರೆ ಬಂತೋ ಅವರು ಸುತ್ತಿಕೊಂಡು ಹೊರಡುವುದು. ಒಂದು ಸಲ ನಾನು ಅವಸರದಲ್ಲಿ ಪ್ಯಾಂಟಿನ ಮೇಲೇ ಸುತ್ತಿಕೊಂಡು ಹೋದೆ. ಇಟ್ಟಿಗೆ ಗೂಡಿನಲ್ಲಿ ಚಿಕ್ಕಪ್ಪ ಕಟ್ಟಿಹಾಕಿದ್ದ ಹುಡುಗನೊಬ್ಬನ ಹೇಳಿಕೆ ತೆಗೆದುಕೊಳ್ಳಬೇಕಾಗಿತ್ತು. ಅವನ ಮುಂದೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಹುಡುಗ ನನ್ನ ಮುಖ ನೋಡಲೇ ಇಲ್ಲ, ಕಾಲು ನೋಡಿದ.

"ಅಕ್ಕ, ಸೀರೆ ಒಳ್ಗೆ ಬೂಟು."

"ಹೂಂ ಕಣಪ್ಪ."

"ಮಾರುವೇಸ್ವಾ?"

"ಹೂಂ."

"ಕಾಣ್ತೈತೆ ಕಣಕ್ಕ. ಇನ್ನೊಸಿ ಕೆಳಕ್ಕೆ ಉಡು" ಎಂದು ಕಿಸಕ್ಕನೆ ನಕ್ಕುಬಿಟ್ಟ. ನಕ್ಕ ಮೇಲೆ ಎಲ್ಲವನ್ನೂ ಹೇಳಿದ. ಠಾಣೆಗೆ ಬಂದು ನಾನು ಇದನ್ನು ಹೇಳಿದಾಗ ಇನ್‌ಸ್ಪೆಕ್ಟರ್ ಮೇಡಂ ನಗಲಿಲ್ಲ. ರೂಲ್ ಎಂದರೆ ರೂಲ್, ನಾಳೆಯಿಂದ ಒಬ್ಬೊಬ್ಬರೂ ಒಂದೊಂದು ಜೊತೆ ಬಟ್ಟೆ ತಂದಿಡಿ ಎಂದು ಗದರಿದರು. ಸರಿಯಾಗಿಯೇ ಗದರಿದರು. ಆ ಹುಡುಗ ಈಗ ಎಲ್ಲಿದ್ದಾನೆ ಎಂದು ಕೇಳಿದರೆ ನನಗೆ ತಿಳಿಯದು. ನಾವು ಮಗುವನ್ನು ಇನ್ನೊಬ್ಬರ ಕೈಗೆ ದಾಟಿಸುತ್ತೇವೆ. ಅವರು ಮತ್ತೊಬ್ಬರ ಕೈಗೆ ದಾಟಿಸುತ್ತಾರೆ. ಆ ಮೇಲಿನ ಸುದ್ದಿ ಹಿಂದಕ್ಕೆ ಬರುವ ದಾರಿಯೇ ಇಲ್ಲ. ಸುದ್ದಿ ಬಂತೆಂದರೆ ಕೆಟ್ಟದ್ದೇ ಎಂದು ತಿಳಿಯಬೇಕು.

ವೇಣಿಯ ಸುದ್ದಿ ಮೊದಲು ಬಂದದ್ದು ಹೊಸೂರಿಗೆ ಅಂಟಿಕೊಂಡ ಮೂಕಂಡಪಲ್ಲಿಯ ಒಂದು ಶಾಲೆಯಿಂದ. ಅಪ್ಪ ಅಮ್ಮ ಇಬ್ಬರೂ ಕಾರ್ಖಾನೆಗೆ ಹೋಗುವವರು. ಒಂದೇ ಕೋಣೆಯ ಬಾಡಿಗೆ ಮನೆ, ಸಾಲು ಮನೆಗಳಲ್ಲಿ ಒಂದು. ಮಗುವಿಗೆ ಹತ್ತು ವರ್ಷ. ಬಲಗೈಯಲ್ಲಿ ಬರೆಯುತ್ತಿದ್ದವಳು ಇದ್ದಕ್ಕಿದ್ದಂತೆ ಎಡಗೈಯಲ್ಲಿ ಬರೆಯತೊಡಗಿದಳಂತೆ. ಟೀಚರ್ ತುಂಟಾಟ ಎಂದು ಮೊದಲು ಬೈದರು. ಆಮೇಲೆ ಹತ್ತಿರ ಹೋಗಿ ಬಲಗೈ ಹಿಡಿದು ನೋಡಿದವರೇ ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದರು. ಅಲ್ಲಿಂದ ನಮಗೆ ಬಂತು.

ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನವರು. ಎಕ್ಸ್-ರೇಯನ್ನು ಬೆಳಕಿಗೆ ಹಿಡಿದು ಒಂದು ಕಡೆ ಬೆರಳಿಟ್ಟು, ಇದು ಈಗಿನದು ಎಂದರು. ಬೆರಳು ಸರಿಸಿ, ಇದು ಹಳೆಯದು, ತಾನಾಗಿ ಕೂಡಿಕೊಂಡಿದೆ ಎಂದರು. ಇನ್ನೂ ಸರಿಸಿ, ಇದು ಅದಕ್ಕಿಂತ ಹಳೆಯದು ಎಂದರು.  ವೇಣಿ ಸ್ಟೂಲಿನ ಮೇಲೆ ಕಾಲು ಅಲ್ಲಾಡಿಸುತ್ತಾ, "ಅದು ನನ್ ಕೈಯಾ? ಎಷ್ಟ್ ಚೆನ್ನಾಗೈತೆ" ಎಂದಳು.

ಅವಳು ಮಾತಾಡುತ್ತಿದ್ದದ್ದು ನಮ್ಮ ಕಡೆಯ ಕನ್ನಡ. ತಮಿಳು ಬರುತ್ತಿತ್ತು, ಶಾಲೆಯ ತಮಿಳು. ನೋವಿನ ಮಾತು ಬಂದಾಗ ಮಾತ್ರ ಕನ್ನಡಕ್ಕೆ ತಿರುಗುತ್ತಿದ್ದಳು. ಟೀಚರಿಗೆ ಹೇಳಿದ್ದನ್ನು ನನಗೆ ಹೇಳಿದಳು. ನನಗೆ ಹೇಳಿದ್ದನ್ನು ಡಾಕ್ಟರಿಗೆ, ಡಾಕ್ಟರಿಗೆ ಹೇಳಿದ್ದನ್ನು ಇನ್‌ಸ್ಪೆಕ್ಟರ್ ಮೇಡಂಗೆ ಹೇಳಿದಳು. ಆಮೇಲೆ ಮಕ್ಕಳ ರಕ್ಷಣೆಯ ಘಟಕದಿಂದ ಬಂದ ಕಲ್ಪನಾ ಎಂಬ ಹುಡುಗಿ ಮೊದಲಿನಿಂದ ಹೇಳಮ್ಮ ಎಂದಾಗ ವೇಣಿ ನನ್ನ ಕಡೆ ತಿರುಗಿದಳು.

"ಹೋದ್ಸಲ ಹೇಳಿದ್ದು ನಿಂಗೆ ಮರ್ತೋಯ್ತಾ?"

"ಮರ್ತಿಲ್ಲ ಕಣಮ್ಮ."

"ಮತ್ತೆ ನೀನೇ ಹೇಳ್ಬುಡು. ನಾನು ತಪ್ಪಾದ್ರೆ ಹೇಳ್ತೀನಿ."

ಕಲ್ಪನಾ ಪೆನ್ನು ಕೆಳಗಿಟ್ಟಳು. ಅವಳೂ ಒಳ್ಳೆಯ ಹುಡುಗಿ. ಡೆಂಕಣಿಕೋಟೆ, ಕೆಲಮಂಗಲ ಎರಡೂ ಕಡೆಯ ಹಳ್ಳಿಗಳಿಗೆಲ್ಲ ಅವಳೊಬ್ಬಳೇ. ತನ್ನ ಸ್ಕೂಟಿಯಲ್ಲಿ ಓಡಾಡುತ್ತಿದ್ದಳು. ಗುತ್ತಿಗೆಯ ಕೆಲಸ.

ಅಪ್ಪನನ್ನು ಕರೆಸಿದೆವು. ಅವನ ಹೆಸರು ಬೇಡ. ಕುಡುಕನೋ ರೌಡಿಯೋ ಬರುತ್ತಾನೆ ಎಂದು ನಾನು ನೋಡುತ್ತಿದ್ದೆ. ಇಸ್ತ್ರಿ ಮಾಡಿದ ಅಂಗಿ, ಕತ್ತಿನಲ್ಲಿ ಕಂಪನಿಯ ಗುರುತಿನ ಚೀಟಿ, ಹಣೆಯಲ್ಲಿ ವಿಭೂತಿ ಇದ್ದ ಒಬ್ಬ ಮನುಷ್ಯ ಬಂದು ಕೈ ಮುಗಿದು "ವಣಕ್ಕಂ ಮೇಡಂ" ಎಂದ. ಕುಡಿಯುವವನಲ್ಲ, ಬೀಡಿ ಸೇದುವವನೂ ಅಲ್ಲ. "ಲೆಕ್ಕದಾಗೆ ಒಂದೇ ತಪ್ಪು ಮೂರು ಮೂರು ಸಲ ಮಾಡ್ತಾಳೆ ಮೇಡಂ. ಹೆಣ್ಮಗು. ನಾಳೆ ಇನ್ನೊಬ್ಬರ ಮನೆ ಸೇರೋಳು. ಶಿಸ್ತು ಬ್ಯಾಡ್ವಾ?" ಎಂದ. ಸ್ವರ ಏರಿಸಲಿಲ್ಲ. ಸಾಲು ಮನೆಗಳವರನ್ನು ಕೇಳಿದರೆ, "ದೇವ್ರಂಥ ಮನುಷ್ಯ. ನೀರಿಗೆ ಅಂತ ಒಂದಿನ ಜಗಳ ಆಡ್ದೋನಲ್ಲ" ಎಂದರು. ಮಗು ಅಳುವುದು ಕೇಳಿಸುತ್ತಿರಲಿಲ್ಲವೇ ಎಂದರೆ, ಅವಳು ಅಳುತ್ತಲೇ ಇರಲಿಲ್ಲವಲ್ಲ ಎಂದರು. ಆ ಮಾತನ್ನು ನಾನು ಹಾಗೆಯೇ ಬರೆದುಕೊಂಡೆ.

ಕೇಸು ಹಾಕಿದೆವು. ಅವನು ಜಾಮೀನಿನ ಮೇಲೆ ಹೊರಗೆ ಬಂದ. ಕಾನೂನಿನ ಪ್ರಕಾರ ಅದೂ ಸರಿಯೇ.

ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಮಿತಿ ಕೂರುವುದು ಕೃಷ್ಣಗಿರಿಯಲ್ಲಿ. ಆ ದಿನ ನಮ್ಮ ಜೀಪು ಯಾರೋ ದೊಡ್ಡವರ ಬಂದೋಬಸ್ತಿಗೆ ಹೋಗಿತ್ತು. ಬಸ್ಸಿನಲ್ಲಿ ಹೊರಟೆವು. ಕೈಗೆ ಪಟ್ಟಿ ಹಾಕಿದ್ದರೂ ವೇಣಿಗೆ ಕಿಟಕಿಯ ಪಕ್ಕವೇ ಬೇಕು. ಶೂಳಗಿರಿಯಲ್ಲಿ ಸೊಪ್ಪಿನ ಮೂಟೆ ಇಟ್ಟುಕೊಂಡು ಹತ್ತಿದ ಮುದುಕಿಯೊಬ್ಬಳು ನಮ್ಮ ಪಕ್ಕ ಕೂತಳು.

"ಮಗ್ಳಾ, ಮೊಮ್ಮಗ್ಳಾ?" ಎಂದು ನನ್ನನ್ನು ಕೇಳಿದಳು.

ನಾನು ಬಾಯಿ ತೆರೆಯುವ ಮೊದಲೇ ವೇಣಿ, "ಯಾವ್ದೂ ಅಲ್ಲ ಅಜ್ಜಿ. ಇವ್ರು ಪೊಲೀಸು. ನಾನು ಇವ್ರನ್ನ ಕೃಷ್ಣಗಿರಿಗೆ ಕರ್ಕೊಂಡೋಗ್ತಿದ್ದೀನಿ" ಎಂದಳು.

"ಅಯ್ಯೋ ಸಿವನೇ. ಏನ್ ಮಾಡಿದ್ರವ್ವಾ ಇವ್ರು?"

"ಇನ್ನೂ ವಿಚಾರಣೆ ಆಗ್ಬೇಕು."

ಬಸ್ಸಿನಲ್ಲಿ ಸುತ್ತಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮುದುಕಿ ಇಳಿಯುವಾಗ ಒಂದು ಕಟ್ಟು ದಂಟಿನ ಸೊಪ್ಪನ್ನು ವೇಣಿಯ ಮಡಿಲಿಗೆ ಹಾಕಿ ಹೋದಳು.

ಸಮಿತಿಯವರು ಒರಟಾಗಿ ಮಾತಾಡಲಿಲ್ಲ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದರು. ಮಕ್ಕಳ ಗೃಹದಲ್ಲಿ ಜಾಗ ಬಿಗಿಯಾಗಿತ್ತು, ಅದು ನಿಜ. ಆದರೆ ಅದೊಂದೇ ಕಾರಣವಲ್ಲ. ಮಗು ಆದಷ್ಟೂ ತನ್ನವರ ನಡುವೆ ಬೆಳೆಯಬೇಕು, ಗೃಹಕ್ಕೆ ಕಳಿಸುವುದು ಬೇರೆ ದಾರಿ ಇಲ್ಲದಾಗ ಮಾತ್ರ ಎಂಬುದು ಅವರಿಗಿರುವ ನಿಯಮ. ತನ್ನವರು ಯಾರಿದ್ದಾರೆ ಎಂದು ಹುಡುಕಿದರೆ ಅಮ್ಮನ ತವರು ಇತ್ತು. ಡೆಂಕಣಿಕೋಟೆಯ ಆಚೆ, ಕಾಡಿನ ಅಂಚಿನ ಊರು. ಸೋದರಮಾವ ಮುನಿರಾಜು ರಾಗಿ, ಬೀನ್ಸ್ ಬೆಳೆಯುವವನು. ಅಜ್ಜಿ ಗಿರಿಯಮ್ಮ ಗಟ್ಟಿಮುಟ್ಟಾಗಿದ್ದಳು. ಇಬ್ಬರೂ ಸಮಿತಿಯ ಮುಂದೆ ಬಂದು ನಿಂತರು. ಅಜ್ಜಿಯನ್ನು ಕಂಡದ್ದೇ ವೇಣಿ ಓಡಿಹೋಗಿ ಅವಳ ಸೀರೆಯೊಳಗೆ ಮುಖ ಹುದುಗಿಸಿದಳು. ಅಲ್ಲಿಯವರೆಗೆ ಅಳದಿದ್ದ ಮಗು ಅಲ್ಲಿ ಅತ್ತಿತು. ನೋಡಿದ ಯಾರಿಗಾದರೂ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಎನ್ನಿಸುತ್ತಿತ್ತು. ನನಗೂ ಎನ್ನಿಸಿತು.

ಅಪ್ಪ ಆ ಕಡೆ ಸುಳಿಯಬಾರದು, ಕಲ್ಪನಾ ಆಗಾಗ ಹೋಗಿ ನೋಡಿ ಬರಬೇಕು, ಮಗುವಿಗೂ ತಾಯಿಗೂ ಆಪ್ತ ಸಲಹೆ ಕೊಡಿಸಬೇಕು ಎಂದು ಆದೇಶವಾಯಿತು. ತಾಯಿ ಲಕ್ಷ್ಮಿ ಕಾರ್ಖಾನೆ ಬಿಟ್ಟು ಮಗಳ ಜೊತೆ ತವರಿಗೆ ಹೋದಳು. ಮುನಿರಾಜು ನನಗೆ, "ಅಕ್ಕ, ನೀವೇನೂ ಯೋಚ್ನೆ ಮಾಡ್ಬ್ಯಾಡಿ. ನಮ್ಮಕ್ಕನ ಮಗು ಅಂದ್ರೆ ನಮ್ ಮಗು" ಎಂದ. ಅವನು ಹಾಗೆ ಹೇಳಿದ್ದು ಮನಸಾರೆ. ಇವತ್ತಿಗೂ ಅದರಲ್ಲಿ ನನಗೆ ಅನುಮಾನವಿಲ್ಲ.

ಕಲ್ಪನಾ ಮೊದಲ ಸಲ ಹೊರಟ ದಿನ ಅರಣ್ಯದವರು ದಾರಿಯಲ್ಲೇ ತಡೆದರು. ಆನೆಗಳ ಹಿಂಡು ರಾಗಿ ಹೊಲಕ್ಕೆ ಇಳಿದಿತ್ತು. ಸ್ಕೂಟಿಯಲ್ಲಿ ಹೋಗಬೇಡಮ್ಮ ಎಂದು ಹಿಂದಕ್ಕೆ ಕಳಿಸಿದರು. ಇನ್ನೊಂದು ಸಲ ಹೊರಡಬೇಕಾದ ದಿನ ಕೃಷ್ಣಗಿರಿಯಲ್ಲಿ ಮೀಟಿಂಗ್ ಬಂತು. ಅಷ್ಟರಲ್ಲಿ ಅವಳ ಗುತ್ತಿಗೆಯ ಅವಧಿ ಮುಗಿಯಿತು. ಮುಂದುವರಿಸುವ ಕಾಗದ ಬರಲಿಲ್ಲ. ಹೊಸಬರೂ ಬರಲಿಲ್ಲ. ಅವಳು ನನಗೆ ಫೋನ್ ಮಾಡಿ, "ಅಕ್ಕ, ವೇಣಿ ಮನೆಗೆ ಹೋಗೋಕಾಗ್ಲಿಲ್ಲ. ಈಗ ನಾನು ಹೋದ್ರೆ ಯಾವ ಅಧಿಕಾರದ ಮೇಲೆ ಬಂದೆ ಅಂತ ಕೇಳ್ತಾರೆ" ಎಂದಳು.

ನಾನು ಇನ್‌ಸ್ಪೆಕ್ಟರ್ ಮೇಡಂ ಹತ್ತಿರ ಹೋಗಿ ಒಂದು ಸಲ ನಾನೇ ಹೋಗಿ ಬರಲೇ ಎಂದು ಕೇಳಿದೆ. ಮೇಡಂ ಅವತ್ತು ಊಟವನ್ನೂ ಮಾಡಿರಲಿಲ್ಲ. ಮೇಜಿನ ಮೇಲಿನ ಡಬ್ಬಿಯ ಮುಚ್ಚಳ ಹಾಗೇ ಇತ್ತು. "ಯಾವ ಡ್ಯೂಟಿ ಅಂತ ಕಳಿಸಲಿ ರತ್ನಮ್ಮ? ಸಮಿತಿ ಆ ಕೆಲಸವನ್ನು ಘಟಕಕ್ಕೆ ಕೊಟ್ಟಿದೆ. ನಾವು ಹೋದರೆ ಪೊಲೀಸರು ಮನೆಗೆ ಬಂದು ಮಗುವನ್ನು ಹೆದರಿಸುತ್ತಾರೆ ಅಂತಾರೆ. ನಮ್ಮ ಪಾಲಿನದು ನಾವು ಮಾಡಿದ್ದೇವಲ್ಲ" ಎಂದರು, ತಮಿಳಿನಲ್ಲಿ. ಅದರಲ್ಲಿ ತಪ್ಪು ಹುಡುಕಲು ನನಗೆ ಆಗಲಿಲ್ಲ.

ಮುನಿರಾಜುವಿಗೆ ಫೋನ್ ಮಾಡಿದೆ. "ಚೆನ್ನಾಗವ್ಳೆ ಅಕ್ಕ. ಅವರೆಕಾಯಿ ಸುಲೀತಾ ಕೂತವ್ಳೆ. ತಗೊಳ್ಳಿ, ಕೊಡ್ತೀನಿ" ಎಂದ.

"ಪೊಲೀಸಕ್ಕಾ, ಇಲ್ಲಿ ಆನೆ ಲದ್ದಿ ಬಿದ್ದೈತೆ. ನಮ್ ಮೂಕಂಡಪಲ್ಲಿ ಮನೆಯಷ್ಟು ದೊಡ್ದೈತೆ!"

"ಸುಳ್ಳು ಹೇಳ್ತೀಯ."

"ನೀನೇ ಬಂದು ನೋಡು ಬೇಕಾದ್ರೆ. ಯಾವಾಗ ಬತ್ತೀಯ?"

ಬರುತ್ತೇನೆ ಎಂದೆ. ಆಮೇಲೆ ಅವಳ ಸ್ವರ ನಾನು ಕೇಳಲಿಲ್ಲ.

ಅವರೆಕಾಯಿಯ ಕಾಲ ಮುಗಿದು ಬಿಸಿಲು ಏರುವ ಹೊತ್ತಿಗೆ ಒಂದು ಬೆಳಗ್ಗೆ ಹೊಸೂರಿನ ಆಸ್ಪತ್ರೆಯಿಂದ ಠಾಣೆಗೆ ಫೋನ್ ಬಂತು. ಮೂಕಂಡಪಲ್ಲಿಯ ಮಗು, ಮೆಟ್ಟಿಲಿನಿಂದ ಬಿದ್ದಳೆಂದು ಅಪ್ಪ ತಂದಿದ್ದಾನೆ, ಬರುವಾಗಲೇ ಜೀವ ಇರಲಿಲ್ಲ ಎಂದರು. ಹೆಸರು ಹೇಳಿದರು. ಇಲ್ಲ, ಆ ಮಗು ಮೂಕಂಡಪಲ್ಲಿಯಲ್ಲಿ ಇಲ್ಲ, ಡೆಂಕಣಿಕೋಟೆ ಕಡೆ ಅಜ್ಜಿಯ ಮನೆಯಲ್ಲಿದ್ದಾಳೆ, ಬೇರೆ ಯಾರೋ ಇರಬೇಕು ಎಂದು ನಾನು ಫೋನಿನಲ್ಲಿ ವಾದ ಮಾಡಿದೆ. 

ಬೇರೆ ಯಾರೂ ಆಗಿರಲಿಲ್ಲ.

ಆ ದಿನ ನಮಗೆ ಜೀಪು ಸಿಕ್ಕಿತು. ಕೇಳುವ ಮೊದಲೇ ಬಾಗಿಲಿಗೆ ಬಂದು ನಿಂತಿತು. ಡಿಎಸ್‌ಪಿ ಬಂದರು. ಫೋಟೋ ತೆಗೆಯುವವರು, ಬೆರಳಚ್ಚಿನವರು ಬಂದರು. ಕೃಷ್ಣಗಿರಿಯಿಂದ ಸಮಿತಿಯವರೂ ಘಟಕದ ಅಧಿಕಾರಿಯೂ ಕಾರಿನಲ್ಲಿ ಬಂದರು. ತಾಯಿಗೆ ಧೈರ್ಯ ಹೇಳಲು ಆಪ್ತ ಸಲಹೆಗಾರರು ಬಂದರು. ಕನ್ನಡ ಬಲ್ಲವರು ಬೇಕು ಎಂದು ಯಾರೋ ಹೇಳಿದ್ದಕ್ಕೆ ಅವರನ್ನೂ ಹುಡುಕಿ ಕರೆತಂದಿದ್ದರು. ಆಸ್ಪತ್ರೆಯ ಅಂಗಳದಲ್ಲಿ ಗಾಡಿ ನಿಲ್ಲಿಸಲು ಜಾಗವಿರಲಿಲ್ಲ. ನಾನು ಶವಾಗಾರದ ಬಾಗಿಲಲ್ಲಿ ಕಾವಲು ನಿಂತು ಒಂದೊಂದೇ ಗಾಡಿ ಬರುವುದನ್ನು ನೋಡುತ್ತಿದ್ದೆ. ಇಷ್ಟು ಜನ ಇದ್ದಾರೆಯೇ? ಈ ಮಗುವಿಗೆ ಅಂತ ಇಷ್ಟು ಜನರನ್ನು ಸರ್ಕಾರ ಇಟ್ಟಿದೆಯೇ? ಕೆಲಸಕ್ಕೆ ಸೇರಿದಾಗಿನಿಂದ ನಾನು ಇಷ್ಟು ಜನರನ್ನು ಒಂದು ಮಗುವಿಗಾಗಿ ಒಟ್ಟಿಗೆ ಕಂಡಿರಲಿಲ್ಲ.

ಲಕ್ಷ್ಮಿ ಕಾರ್ಖಾನೆಯ ನೀಲಿ ಕೋಟಿನಲ್ಲೇ ಗೋಡೆಗೆ ಒರಗಿ ಕೂತಿದ್ದಳು. ಯಾರು ಏನು ಕೇಳಿದರೂ, "ನಾನು ಶಿಫ್ಟ್‌ಗೆ ಹೋಗಿದ್ದೆ, ಶಿಫ್ಟ್‌ಗೆ ಹೋಗಿದ್ದೆ" ಎನ್ನುತ್ತಿದ್ದಳು.

ಅವಳೂ ಮಗುವೂ ಮೂಕಂಡಪಲ್ಲಿಗೆ ಹೇಗೆ ವಾಪಸು ಬಂದರು ಎಂಬುದು ನನಗೆ ತಿಳಿದದ್ದು ಹೇಳಿಕೆ ತೆಗೆದುಕೊಳ್ಳಲು ಅಜ್ಜಿಯ ಊರಿಗೆ ಹೋದಾಗ. ಆ ಊರಿಗೆ ನಾನು ಹೋದದ್ದು ಅದೇ ಮೊದಲು.

ನಮ್ಮ ಕಡೆಯ ಪದ್ಧತಿ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಹೆಂಡತಿ ಮುನಿಸಿಕೊಂಡು ತವರಿಗೆ ಹೋದರೆ ಗಂಡನ ಕಡೆಯವರು ನಾಲ್ಕು ಜನ ಹಿರಿಯರನ್ನು ಕೂಡಿಸಿಕೊಂಡು, ತಟ್ಟೆಯಲ್ಲಿ ಹಣ್ಣು, ಎಲೆ ಅಡಿಕೆ ಇಟ್ಟುಕೊಂಡು ಬರುತ್ತಾರೆ. ತವರಿನವರು ಕಾಲಿಗೆ ನೀರು ಕೊಟ್ಟರೆ ಮಾತಿಗೆ ಒಪ್ಪಿದಂತೆ. ಗಂಡ ತಪ್ಪಾಯಿತು ಎನ್ನುತ್ತಾನೆ. ಎಲೆ ಹಾಕಿ ಬಡಿಸುತ್ತಾರೆ. ಅವನು ಆ ಮನೆಯಲ್ಲಿ ಉಂಡ ಎಂದರೆ ಜಗಳ ಅಲ್ಲಿಗೆ ತೀರಿತು. ಉಂಡವನ ಜೊತೆ ಮಗಳನ್ನು ಕಳಿಸುವುದಿಲ್ಲ ಎನ್ನುವ ಹಾಗಿಲ್ಲ. ಅಂದರೆ ಊರೇ ಆಡಿಕೊಳ್ಳುತ್ತದೆ, ಆ ಮನೆಯ ಮದುವೆ ಮುಂಜಿಗಳಿಗೆ ಹಿರಿಯರು ಬರುವುದಿಲ್ಲ. ಮಡಿಲಕ್ಕಿ ಹಾಕಿ ಕಳಿಸಬೇಕು. ನಾನೂ ಇಂಥ ಎಷ್ಟೋ ಊಟಗಳಲ್ಲಿ ಬಡಿಸಿದ್ದೇನೆ. ಗಂಡ ಹೆಂಡಿರ ಜಗಳಕ್ಕೆಂದು ಇರುವ ಈ ಪದ್ಧತಿಯನ್ನು ಮಗುವಿನ ಕೈ ಮುರಿದವನಿಗೂ ನಡೆಸುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಸಮಿತಿಯವರಿಗಂತೂ ಹೊಳೆಯುವುದು ಸಾಧ್ಯವೇ ಇರಲಿಲ್ಲ.

ಅವನು ಬಂದ. ಹಿರಿಯರ ಮುಂದೆ ಕೈ ಮುಗಿದ. ನಾಟಿಕೋಳಿ ಸಾರು, ಮುದ್ದೆ ಮಾಡಿದ್ದರು. ಉಂಡ. ಲಕ್ಷ್ಮಿಗೂ ವೇಣಿಗೂ ಅರಿಶಿನ ಕುಂಕುಮ ಇಟ್ಟು ಮಡಿಲಿಗೆ ಅಕ್ಕಿ, ಬೆಲ್ಲ, ಕೊಬ್ಬರಿ ಹಾಕಿ ಕಾರು ಹತ್ತಿಸಿದರು. ಸಮಿತಿಯ ಆದೇಶ ಇತ್ತಲ್ಲ ಎಂದು ಮುನಿರಾಜುವನ್ನು ಕೇಳಿದೆ.

"ಇತ್ತಕ್ಕ" ಎಂದ. ನೆಲ ನೋಡುತ್ತಿದ್ದ. "ಹಿರೀಕರು ಅದ್ನೂ ಕೇಳಿದ್ರು. ಕೇಸಂತೂ ಐತಲ್ಲ, ಪೊಲೀಸ್ನೋರ ಕಣ್ಣು ಇವ್ನ ಮ್ಯಾಲೆ ಇದ್ದೇ ಇರ್ತದೆ, ಇನ್ನೆಂಗೆ ಕೈ ಎತ್ತಾನು ಅಂದ್ರು. ನಂಗೂ ಹಂಗೇ ಅನ್ನಿಸ್ತು. ಕೋರ್ಟು ಕಚೇರಿ ಕಂಡೋನು, ಇನ್ ಮುಟ್ಟಲ್ಲ ಅಂತ."

 ಮಗು ಅಜ್ಜಿಯ ಮನೆಯಲ್ಲಿದೆ, ಇನ್ನು ಭಯವಿಲ್ಲ ಎಂದು ನಾವು ಠಾಣೆಯಲ್ಲಿ ಅಂದುಕೊಂಡಿದ್ದೆವು. ಕೇಸು ಠಾಣೆಯಲ್ಲಿದೆ, ಇನ್ನು ಭಯವಿಲ್ಲ ಎಂದು ಇವರು ಅಂದುಕೊಂಡಿದ್ದರು. ನಾವು ಅವರನ್ನು ನಂಬಿ ಕೂತಿದ್ದೆವು. ಅವರು ನಮ್ಮನ್ನು ನಂಬಿ ಬಡಿಸಿದ್ದರು.

ಗಿರಿಯಮ್ಮ ಅಲ್ಲಿಯವರೆಗೆ ಮೂಲೆಯಲ್ಲಿ ಕೂತಿದ್ದಳು. ಅಳುತ್ತಿರಲಿಲ್ಲ. ನಾನು ಹೊರಡಲು ಎದ್ದಾಗ ಕರೆದಳು.

"ರತ್ನಮ್ಮ, ಒಂದ್ ಮಾತು. ನಾನು ಕೋಳಿ ಕೊಯ್ಯೋವಾಗ್ಲೂ ರೋಡ್ ಕಡೇನೇ ನೋಡ್ತಿದ್ದೆ. ಆ ಹುಡ್ಗಿ ಕಲ್ಪನಾ ಬತ್ತೀನಿ ಅಂದಿದ್ಲಲ್ಲ. ನೀನೂ ಅಂದಿದ್ದೆ. ಯಾರಾನ ಒಬ್ರು ಬಂದು ಜಗಲಿ ಮ್ಯಾಲೆ ಕುಂತಿದ್ರೆ ಸಾಕಾಗಿತ್ತು. ಪೊಲೀಸ್ನೋರು ಅವ್ರೆ, ನಾನು ಬಡ್ಸಂಗಿಲ್ಲ ಅಂತಿದ್ದೆ. ನಮ್ಗೇನು ಆ ಕೂಸ್ನ ಕಳ್ಸಕ್ಕೆ ಇಷ್ಟವಾ? ಒಂದ್ ನೆಪ ಬೇಕಾಗಿತ್ತು ಕಣಮ್ಮ."

ಜೀಪಿನಲ್ಲಿ ವಾಪಸು ಬರುವಾಗ ಇನ್‌ಸ್ಪೆಕ್ಟರ್ ಮೇಡಂ, ಆ ಅಜ್ಜಿ ಏನೆಂದಳು ಎಂದು ಕೇಳಿದರು. ತಮಿಳಿನಲ್ಲಿ ಹೇಳಿದೆ. ಮೇಡಂ ಮುಖವನ್ನು ಆ ಕಡೆ ತಿರುಗಿಸಿಕೊಂಡರು. 

ಕೆಲವು ತಿಂಗಳಿಗೆ ನಾನು ನಿವೃತ್ತಳಾದೆ. ಹಾರ ಹಾಕಿದರು, ಗಡಿಯಾರ ಕೊಟ್ಟರು. ಒಳ್ಳೆಯ ಮಾತುಗಳನ್ನಾಡಿದರು. ಏನಾಡಿದರು ಎಂಬುದು ನೆನಪಿಲ್ಲ.

ಹೊಸದಾಗಿ ಸೇರುತ್ತಿರುವ ಹುಡುಗಿಗೆ ಹೇಳಬೇಕಾದದ್ದು ಇದು. ತರಬೇತಿಯಲ್ಲಿ ನಿನಗೆ ಕಾನೂನು ಕಲಿಸುತ್ತಾರೆ, ಮಗುವಿನ ಜೊತೆ ಹೇಗೆ ಮಾತಾಡಬೇಕೆಂದು ಕಲಿಸುತ್ತಾರೆ. ಎಲ್ಲವನ್ನೂ ಚೆನ್ನಾಗಿ ಕಲಿ. ಮಗುವನ್ನು ಇನ್ನೊಬ್ಬರ ಕೈಗೆ ಕೊಟ್ಟ ಮೇಲೆ ಅಲ್ಲಿಗೆ ಯಾರು ಹೋಗುತ್ತಾರೆ, ಯಾವ ದಿನ ಹೋಗುತ್ತಾರೆ, ಅವರು ಹೋಗದಿದ್ದರೆ ಯಾರು ಹೋಗುತ್ತಾರೆ ಎಂದು ಕೇಳು. ಯಾರೂ ಹೇಳದಿದ್ದರೆ ಮತ್ತೆ ಕೇಳು. ಅದು ನಮ್ಮ ಕೆಲಸವಲ್ಲ ಎನ್ನುತ್ತಾರೆ. ಸತ್ಯವನ್ನೇ ಹೇಳುತ್ತಿರುತ್ತಾರೆ. ಆದರೂ ಕೇಳು.

ಇಷ್ಟಕ್ಕೇ ನಿಲ್ಲಿಸೋಣ ಎಂದಿದ್ದೆ. ಆದರೆ ಇದನ್ನು ಬರೆಯುತ್ತಿರುವಾಗಲೇ ಇನ್ನೊಂದು ನಡೆಯಿತು.

ಕೊಲೆ ಕೇಸಿನಲ್ಲಿ ಒಳಗೆ ಹೋಗಿದ್ದ ವೇಣಿಯ ಅಪ್ಪನಿಗೆ ಈ ಸಲವೂ ಜಾಮೀನು ಸಿಕ್ಕಿದೆ ಎಂದು ಗೊತ್ತಾಗಿತ್ತು. ಲಕ್ಷ್ಮಿ ಈಗ ತವರಿನಲ್ಲೇ ಇದ್ದಾಳೆ. ಕೋರ್ಟಿನಲ್ಲಿ ಅವಳು ಹೇಳುವುದರ ಮೇಲೆ ಕೇಸು ನಿಂತಿದೆ. ಹೋದ ವಾರ ಗಿರಿಯಮ್ಮ ಫೋನ್ ಮಾಡಿದಳು.

"ಬತ್ತವ್ರಂತೆ ರತ್ನಮ್ಮ. ಹಣ್ಣು ಎಲೆ ತಕ್ಕೊಂಡು. ಹೆಂಡ್ತೀನ ಕರ್ಕೊಂಡ್ ಹೋಗಕ್ಕಂತೆ."

"ಯಾವಾಗ?"

"ನಾಳೆ ಬೆಳಿಗ್ಗೆ. ಮುನಿರಾಜು ಬಾಯಿ ಕಟ್ಕೊಂಡು ಕುಂತವ್ನೆ. ಹಿರೀಕರ ಮುಂದೆ ಅವ್ನಿಗೆ ಮಾತು ಬರಲ್ಲ."

ಬೆಳಗಿನ ಬಸ್ಸಿಗೆ ಡೆಂಕಣಿಕೋಟೆಗೆ ಹೋಗಿ, ಅಲ್ಲಿಂದ ಆಟೋ ಹಿಡಿದೆ. ಗಿರಿಯಮ್ಮ ಜಗಲಿಯ ಮೇಲೆ ಚಾಪೆ ಹಾಸಿದಳು. ಕೂತೆ. ಲಕ್ಷ್ಮಿ ಒಳಗೆ ಬಾಗಿಲ ಹಿಂದೆ ನಿಂತಿದ್ದಳು, ಅವಳ ಬಳೆಯ ಸದ್ದು ಕೇಳುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾರು ಬಂತು. ಇಬ್ಬರು ಹಿರಿಯರು ಇಳಿದರು. ಒಬ್ಬರ ಕೈಯಲ್ಲಿ ತಟ್ಟೆ, ಮೇಲೆ ಹೊಸ ಟವೆಲ್ಲು ಮುಚ್ಚಿತ್ತು. ಹಿಂದಿನಿಂದ ಅವನು ಇಳಿದ. ಅದೇ ಇಸ್ತ್ರಿ ಅಂಗಿ.

ಹಿರಿಯರು ಅಂಗಳದಲ್ಲಿ ನಿಂತರು. ಗಿರಿಯಮ್ಮ ಕಂಬಕ್ಕೆ ಒರಗಿಕೊಂಡು ಕದಲಲಿಲ್ಲ.

"ಏನವ್ವಾ ಗಿರಿಯಮ್ಮ, ದೂರದಿಂದ ಬಂದಿದ್ದೀವಿ. ಕಾಲಿಗೆ ಒಂದ್ ಚೊಂಬು ನೀರೂ ಇಲ್ವಾ?" ಎಂದು ತಟ್ಟೆ ಹಿಡಿದವರು ನಗುತ್ತಾ ಕೇಳಿದರು.

"ಎಂಗ್ ಕೊಡ್ಲಣ್ಣ? ಪೊಲೀಸ್ನೋರು ಕುಂತವ್ರಲ್ಲ. ಕೊಡ್ಬ್ಯಾಡ ಅಂತವ್ರೆ."

ನಾನು ಏನನ್ನೂ ಅಂದಿರಲಿಲ್ಲ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು.

"ಯಾವ ಟೇಷನ್ನಮ್ಮ?"

"ಮಹಿಳಾ ಠಾಣೆಯಲ್ಲಿದ್ದವಳು" ಎಂದೆ.

ಕಾರಿನ ಪಕ್ಕದಿಂದ ಅವನು ಕೈ ಮುಗಿದು "ವಣಕ್ಕಂ ಮೇಡಂ" ಎಂದ. ನಾನು ಅವನ ಮುಖವನ್ನೇ ನೋಡುತ್ತಾ ಕೂತೆ. ಇಬ್ಬರು ಹಿರಿಯರೂ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. "ನಮಗ್ಯಾಕಪ್ಪ ಪೊಲೀಸು ಗಿಲೀಸು. ನಡಿ ನಡಿ" ಎಂದು ಒಬ್ಬರು ಗೊಣಗಿದರು. ತಟ್ಟೆ ಹಿಡಿದವರು ಟವೆಲ್ಲನ್ನು ಸರಿಮಾಡಿಕೊಂಡು ಕಾರಿನತ್ತ ತಿರುಗಿದರು. ಬಾಗಿಲು ಹಾಕಿದ ಸದ್ದಾಯಿತು. ಕಾರು ಹೊಲದ ಬದುವಿನ ದಾರಿಯಲ್ಲಿ ಧೂಳೆಬ್ಬಿಸುತ್ತಾ ಹೋಯಿತು.

ನನಗೆಂದು ಒಲೆಯ ಮೇಲೆ ಇಟ್ಟಿದ್ದ ಕಾಫಿಯ ನೀರು ಇನ್ನೂ ಕಾದಿರಲಿಲ್ಲ.

ಗಿರಿಯಮ್ಮ ಕಾರು ಹೋದ ಕಡೆಗೆ ತುಂಬ ಹೊತ್ತು ನೋಡುತ್ತಾ ನಿಂತಿದ್ದಳು. ಆಮೇಲೆ ಬಂದು ಚಾಪೆಯ ಮೇಲೆ ನನ್ನ ಪಕ್ಕ ಕುಸಿದು ಕೂತಳು. ನನ್ನ ತೋಳು ಹಿಡಿದುಕೊಂಡಳು.

"ಇಷ್ಟೇನಾ?" ಎಂದಳು. "ರತ್ನಮ್ಮ, ಅವತ್ತೂ ಇಷ್ಟೇನಾ ಬೇಕಾಗಿದ್ದಿದ್ದು?"

ಮೊಮ್ಮಗಳು ಹೋದಾಗಲೂ ಅಳದಿದ್ದವಳು ಅಂಗಳಕ್ಕೆಲ್ಲ ಕೇಳುವ ಹಾಗೆ ಅಳತೊಡಗಿದಳು. ಒಳಗೆ ಬಳೆಯ ಸದ್ದು ನಿಂತಿತ್ತು.